ಹತ್ತೊಂಬತ್ತನೆಯವನ ಹೊತ್ತು ಯಾರು ಬರೆದಿಡ್ತಾರ?

ಅಸುಂಡಿ: ನಸುಕಿನ ಬಸ್ಸಿಗೆ ಗದಗದ ಕಡೆ ಹೊರಡುವವರಿಗೆ ಈ ನೋಟ ಹೊಸದೇನಲ್ಲ. ರಸ್ತೆಯ ಬದಿಗೆ ಮೂರೋ ನಾಲ್ಕೋ ಹುಡುಗರು ಏದುಸಿರು ಬಿಡುತ್ತ ಓಡುತ್ತಿರುತ್ತಾರೆ. ಕಿಟಕಿಯ ಬಳಿ ಕೂತವರು "ಪೊಲೀಸ್ ಭರ್ತಿಗೆ ತಯಾರಿ ನಡಸ್ಯಾರ" ಅಂದು ಮತ್ತೆ ತೂಕಡಿಸುತ್ತಾರೆ. ಮಾತು ಖರೆ. ಕಾನ್‌ಸ್ಟೇಬಲ್ ಆಗಬೇಕಾದ ಹುಡುಗ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ತೋರಿಸಬೇಕು. ಗಡಿಯಾರ ಮೀರಿತೋ, ಮನೆಯ ದಾರಿ.

ಈ ಆರೂವರೆ ನಿಮಿಷ ನೆನಪಿರಲಿ. ಮುಂದೆ ಬೇಕಾಗುತ್ತದೆ.

ದೊಡ್ಡ ಊರಿನ ಓಟ

ಜನವರಿ ಬಂತೆಂದರೆ ಮುಂಬಯಿ ಮ್ಯಾರಥಾನ್ ಸುದ್ದಿ. 2004ರಲ್ಲಿ ಸುರುವಾದ ಓಟ ಇದು. ದೂರ 42 ಕಿಲೋಮೀಟರು 195 ಮೀಟರು. ಎಷ್ಟಾಯ್ತು ಅಂತೀರಾ? ಗದಗದಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರು. ಅಷ್ಟನ್ನೂ ಓಡಿ ಲಕ್ಷ್ಮೇಶ್ವರ ಮುಟ್ಟಿದರೂ ಓಟ ಮುಗಿಯದು. ಇನ್ನೂ ಎರಡು ಕಿಲೋಮೀಟರು ಬಾಕಿ!

2023ರಲ್ಲಿ ಇಥಿಯೋಪಿಯಾದ ಹೈಲೆ ಲೆಮಿ ಈ ಮುಂಬಯಿ ಓಟವನ್ನು 2 ತಾಸು 7 ನಿಮಿಷ 32 ಸೆಕೆಂಡಿಗೆ ಮುಗಿಸಿ ಕೂಟದ ದಾಖಲೆ ಬರೆದರು. 2024ರಲ್ಲೂ ಅವರದೇ ಗೆಲುವು. ಆ ವರ್ಷ ನಮ್ಮ ದೇಶದವರಲ್ಲಿ ಮೊದಲಿಗ ಶ್ರೀನು ಬುಗತ, 2 ತಾಸು 17 ನಿಮಿಷ 29 ಸೆಕೆಂಡು. 2023ರ ದಿಲ್ಲಿ ಮ್ಯಾರಥಾನ್‌ನಲ್ಲಿ ಕೊಡಗಿನ ಎ.ಬಿ. ಬೆಳ್ಳಿಯಪ್ಪನವರಿಗೆ ಎರಡನೇ ಸ್ಥಾನ. ಗೆದ್ದ ಮಾನ್ ಸಿಂಗ್ ಅವರಿಗೂ ಇವರಿಗೂ ಅಂತರ ಬರೇ ಎರಡು ಸೆಕೆಂಡು!

ಇಷ್ಟು ಹೆಸರು ಪೇಪರಿನಲ್ಲಿ ಬರುತ್ತವೆ. ಹತ್ತೊಂಬತ್ತನೆಯವನಾಗಿ ಬಂದವನ ಹೆಸರು? ಯಾರಿಗೆ ಬೇಕ್ರೀ, ಅನ್ನುತ್ತೀರಿ. ನಮಗೆ ಬೇಕು. ಯಾಕೆಂದರೆ ಮುಂಬಯಿ, ದಿಲ್ಲಿಯ ಈ ಓಟಗಳ ಸುಳಿವೂ ಇಲ್ಲದ ಕಾಲದಲ್ಲಿ ಜಗತ್ತಿನ ಮ್ಯಾರಥಾನ್‌ನಲ್ಲಿ ಹತ್ತೊಂಬತ್ತನೆಯವನಾಗಿ ಬಂದವನು ಪಕ್ಕದ ಬೆಳಗಾವಿಯವನು.

ಬೆಳಗಾವಿಯ ಚೌಗುಲೆ

1919ರ ಮಾತು. ಬೆಳಗಾವಿ, ಗದಗ ಎರಡೂ ಆಗ ಮುಂಬಯಿ ಪ್ರಾಂತದೊಳಗೆ. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಮಕ್ಕಳು ಬರಿಗಾಲಲ್ಲಿ ಓಡುವುದನ್ನು ಸರ್ ದೊರಾಬ್ಜಿ ಟಾಟಾ ಕಂಡರು. ತರಬೇತಿ ಇಲ್ಲ, ಬೂಟಿಲ್ಲ. ಆದರೂ ಯುರೋಪಿನವರ ವೇಗಕ್ಕೆ ಹತ್ತಿರ ಹತ್ತಿರ. ಇವರನ್ನು ಒಲಿಂಪಿಕ್ಸಿಗೆ ಯಾಕೆ ಕಳಿಸಬಾರದು ಅಂದುಕೊಂಡ ಟಾಟಾ ಕೈಯಿಂದಲೂ ಹಣ ಹಾಕಿದರು. ಹೀಗೆ ಭಾರತ ಮೊದಲ ಬಾರಿಗೆ ತಂಡ ಕಟ್ಟಿ 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಕಳಿಸಿತು. ಬೆಳಗಾವಿಯ ಫಡೆಪ್ಪ ಚೌಗುಲೆ ಆ ತಂಡದಲ್ಲಿದ್ದರು.

ಆಗಸ್ಟ್ 22ರಂದು ಮ್ಯಾರಥಾನ್. ಅಂದಿನ ದೂರ 42 ಕಿಲೋಮೀಟರು 750 ಮೀಟರು. ಒಲಿಂಪಿಕ್ಸಿನಲ್ಲಿ ಇಷ್ಟು ಉದ್ದದ ಮ್ಯಾರಥಾನ್ ಮತ್ತೊಂದಿಲ್ಲ. ಫಿನ್ಲೆಂಡಿನ ಹನ್ನೆಸ್ ಕೊಲೆಹ್ಮೈನೆನ್ ಗೆದ್ದರು. ಅವರ ಹಿಂದೆ 18 ನಿಮಿಷಕ್ಕೆ ಚೌಗುಲೆ ಬಂದರು. ತೆಗೆದುಕೊಂಡ ಹೊತ್ತು 2 ತಾಸು 50 ನಿಮಿಷ 45 ಸೆಕೆಂಡು. ನೀವು ಒಂಬತ್ತಕ್ಕೆ ಅಂಗಡಿ ಬಾಗಿಲು ತೆರೆದಿರೆನ್ನಿ. ಹನ್ನೆರಡಕ್ಕೆ ಹತ್ತು ನಿಮಿಷ ಇರುವತನಕ ಆ ಮನುಷ್ಯ ಓಡುತ್ತಲೇ ಇದ್ದ.

ಲೆಕ್ಕ ಹಾಕಿ ನೋಡಿ

ಈಗ ಆರೂವರೆ ನಿಮಿಷಕ್ಕೆ ಬರೋಣ. ಚೌಗುಲೆಯವರ ಓಟ ಕಿಲೋಮೀಟರಿಗೆ ಸರಾಸರಿ ನಾಲ್ಕು ನಿಮಿಷ ಬೀಳುತ್ತದೆ. ಅಂದರೆ 1600 ಮೀಟರಿಗೆ ಆರು ನಿಮಿಷ 24 ಸೆಕೆಂಡಿನೊಳಗೆ. ನಮ್ಮ ಹುಡುಗರು ಒಂದು ಸಲ ಓಡಿ ನೆಲಕ್ಕೆ ಕೂಡುವ ಪರೀಕ್ಷೆಯನ್ನು ಅವರು ಒಂದೇ ಉಸಿರಿನಲ್ಲಿ ಇಪ್ಪತ್ತಾರು ಸಲ ಪಾಸಾದಂತೆ, ಮೇಲೆ ಇನ್ನೊಂದು ಕಿಲೋಮೀಟರು ಓಡಿದಂತೆ! ಹತ್ತೊಂಬತ್ತನೇ ಸ್ಥಾನ ಎಂದರೆ ಸಣ್ಣದೇನ್ರಿ?

ಭರ್ತಿಯಲ್ಲಿ ನಾಲ್ಕು ಸೆಕೆಂಡಿಗೆ ತಪ್ಪಿದ ಹುಡುಗ ಬೂಟು ಬಿಚ್ಚಿಟ್ಟು ಸುಮ್ಮನಾಗುತ್ತಾನೆ. ತಾನು ಎಷ್ಟು ಹೊತ್ತಿನಲ್ಲಿ ಓಡಿದೆ ಎಂಬ ಚೀಟಿಯೂ ಅವನ ಬಳಿ ಇರುವುದಿಲ್ಲ. ಊರ ಜಾತ್ರೆಯ ಓಟದಲ್ಲಾಗಲಿ, ಶಾಲೆಯ ಆಟೋಟದಲ್ಲಾಗಲಿ ಮೂವರಿಗೆ ಬಹುಮಾನ ಕೊಟ್ಟರೆ ಮುಗಿಯಿತು. ನಾಲ್ಕನೆಯವನಿಂದ ಮುಂದೆ ಲೆಕ್ಕವಿಲ್ಲ. ಉದ್ದದ ಓಟಕ್ಕೆ ತಕ್ಕ ಕಾಲು ಯಾವುದೆಂದು ಗೊತ್ತಾಗುವುದು ಹೇಗೆ? 1600 ಮೀಟರಿನಲ್ಲಿ ಹಿಂದೆ ಬಿದ್ದವನೇ ಹತ್ತು ಕಿಲೋಮೀಟರಿನಲ್ಲಿ ಮುಂದೆ ಬಂದಾನು.

ಇದಕ್ಕೆ ದೊಡ್ಡ ಸ್ಟೇಡಿಯಂ ಬೇಕಿಲ್ಲ. ಒಂದು ಗಡಿಯಾರ, ಒಂದು ನೋಟುಬುಕ್ಕು, ಬರೆಯುವ ಒಬ್ಬ ಮಾಸ್ತರು ಸಾಕು. ಕೊನೆಗೆ ಬಂದವನ ಹೊತ್ತನ್ನೂ ಬರೆಯಲಿ. ಆಂಟ್‌ವರ್ಪಿನಲ್ಲಿ ಹತ್ತೊಂಬತ್ತನೆಯವನ ಹೊತ್ತನ್ನು ಯಾರೋ ಬರೆದಿಟ್ಟರು. ಅದಕ್ಕೇ ನೂರು ವರ್ಷ ದಾಟಿದ ಮೇಲೂ ಈ ಲೆಕ್ಕ ನಮಗೆ ಸಿಕ್ಕಿತು.