ಮಹಾಪಧಮನಿಯ ಉಬ್ಬು: ಕುತ್ತಿಗೆಯ ಅಳತೆಯೇ ನಿರ್ಣಾಯಕ

ಬೇಲೂರು ದೇವಾಲಯದ ನವರಂಗದ ಕಂಬಗಳೆಲ್ಲ ಒಂದೇ ಬಗೆಯವಲ್ಲ. ಮನುಷ್ಯರ ಮಹಾಪಧಮನಿಯೂ ಹಾಗೆಯೇ. ಹೃದಯದಿಂದ ಹೊರಟು ಹೊಟ್ಟೆಯೊಳಗೆ ಇಳಿಯುವ ಈ ಪ್ರಧಾನ ರಕ್ತನಾಳ ಸದ್ದಿಲ್ಲದೆ ಉಬ್ಬಿ ಒಡೆದರೆ ಬಹುತೇಕರು ಉಳಿಯುವುದಿಲ್ಲ. ಗಂಡಸರಲ್ಲಿ ಉಬ್ಬು 5.5 ಸೆಂ.ಮೀ. ತಲುಪಿದಾಗ ವೈದ್ಯರು ದುರಸ್ತಿಯ ಯೋಚನೆ ಮಾಡುತ್ತಾರೆ.

1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ಹೊಟ್ಟೆ ಕೊಯ್ಯದೆ, ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ ಇರಿಸಿದರು. ಮೂತ್ರಪಿಂಡದ ಧಮನಿಗಳಿಗೂ ಉಬ್ಬಿಗೂ ನಡುವಣ ಆರೋಗ್ಯವಂತ ಭಾಗವೇ 'ಕುತ್ತಿಗೆ'. ಗ್ರಾಫ್ಟ್ ಕಚ್ಚಿಕೊಳ್ಳುವುದು ಅಲ್ಲಿ. ಸಾಮಾನ್ಯ ಸಾಧನಗಳಿಗೆ ಅದು ಕನಿಷ್ಠ 10ರಿಂದ 15 ಮಿ.ಮೀ. ಉದ್ದವಿರಬೇಕು, ಬಾಗು ಸುಮಾರು 60 ಡಿಗ್ರಿ ಮೀರಬಾರದು. ಕುತ್ತಿಗೆ ಗಿಡ್ಡವೋ ಅಗಲವೋ ಸೊಟ್ಟವೋ ಆಗಿದ್ದರೆ ರಕ್ತ ಅಂಚಿನಿಂದ ಸೋರಿ ಉಬ್ಬು ಮತ್ತೆ ಬೆಳೆಯಬಹುದು.

2004ರಲ್ಲಿ ಪ್ರಕಟವಾದ ಬ್ರಿಟನ್ನಿನ ಇವಿಎಆರ್-1 ಅಧ್ಯಯನದಲ್ಲಿ ಮೊದಲ 30 ದಿನಗಳ ಸಾವಿನ ಪ್ರಮಾಣ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 4.7, ಗ್ರಾಫ್ಟ್‌ನಲ್ಲಿ ಶೇ. 1.7. ವರ್ಷಗಳು ಉರುಳಿದಂತೆ ಆ ಲಾಭ ಕರಗಿತು. ತಡವಾಗಿ ಉಬ್ಬು ಒಡೆದದ್ದೂ ಅದಕ್ಕೆ ಕಾರಣ. ಆದ್ದರಿಂದ ಗ್ರಾಫ್ಟ್ ಪಡೆದವರಿಗೆ ಜೀವನಪೂರ್ತಿ ಸ್ಕ್ಯಾನ್ ಅನಿವಾರ್ಯ.

ಅರಸೀಕೆರೆಯವನಾದ ನನ್ನನ್ನು ಕಾಡುವ ಪ್ರಶ್ನೆ ಇದು: ಹಳೇಬೀಡಿನ ರೈತ ಸ್ಕ್ಯಾನ್‌ಗಾಗಿ ವರ್ಷವೂ ಹಾಸನಕ್ಕೋ ಬೆಂಗಳೂರಿಗೋ ಹೋಗಬಲ್ಲನೇ? ಹೋಗಲಾಗದಿದ್ದರೆ, ದೇಹ ತಡೆದುಕೊಳ್ಳುವಂತಿದ್ದರೆ, ತೆರೆದ ಶಸ್ತ್ರಚಿಕಿತ್ಸೆಯೇ ಲೇಸಾಗಬಹುದು. ಕುತ್ತಿಗೆಯ ಅಳತೆಯ ಜೊತೆಗೆ ಊರಿನ ದೂರವನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಲಿ. 65 ದಾಟಿದ, ಬೀಡಿ ಸಿಗರೇಟು ಸೇದಿದ ಗಂಡಸರಿಗೆ ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಆಗಲಿ. ಒಡೆಯುವ ಮುನ್ನ ಅಳೆದರೆ ಮಾತ್ರ ಆಯ್ಕೆ ನಮ್ಮ ಕೈಯಲ್ಲಿ ಉಳಿಯುತ್ತದೆ.