ಆಧಾರ್: ತೋರಿಸುವುದು ಬೇರೆ, ಕೊಡುವುದು ಬೇರೆ

ಪಿಯುಸಿಗೆ ಸೇರಿದ ಮೇಲೆ ನಮ್ಮ ಬ್ಯಾಗಿನಲ್ಲಿ ಪುಸ್ತಕಗಳ ಜೊತೆ ಸದಾ ಇರುವ ವಸ್ತು ಎಂದರೆ ಆಧಾರ್ ಝೆರಾಕ್ಸ್. ರಾಣೆಬೆನ್ನೂರಿನಲ್ಲಿ ಅಬ್ಬಾ ಹೆಸರಿನಲ್ಲಿ ಸಿಮ್ ಕೊಳ್ಳುವಾಗ, ಹಾವೇರಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರುವಾಗ, ಪರೀಕ್ಷೆಗೆಂದು ಹುಬ್ಬಳ್ಳಿಗೆ ಹೋಗಿ ಲಾಡ್ಜಿನಲ್ಲಿ ಉಳಿಯುವಾಗ ಒಂದೇ ಮಾತು: "ಆಧಾರ್ ಝೆರಾಕ್ಸ್ ಕೊಡ್ರಿ." ಯಾಕೆ ಎಂದು ಕೇಳದೆ ನಾವೂ ಕೊಟ್ಟುಬಿಡುತ್ತೇವೆ. ಕೇಳಿದವರಿಗೆಲ್ಲ ಕೊಡಲೇಬೇಕೆ?

ಇಂಥ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಬಹುಮತದಿಂದ ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತು. ಜೊತೆಗೆ ಮಿತಿಯನ್ನೂ ಹಾಕಿತು. ಸರ್ಕಾರದ ಸಹಾಯಧನಕ್ಕೆ, ಪ್ಯಾನ್ ಜೋಡಣೆಗೆ ಆಧಾರ್ ಕೇಳಬಹುದು. ಬ್ಯಾಂಕ್ ಖಾತೆ, ಸಿಮ್, ಶಾಲಾ ಪ್ರವೇಶ, ನೀಟ್‌ನಂಥ ಪರೀಕ್ಷೆಗೆ ಕಡ್ಡಾಯ ಮಾಡುವಂತಿಲ್ಲ. 2019ರ ತಿದ್ದುಪಡಿಯ ಪ್ರಕಾರ ಬ್ಯಾಂಕು ಮತ್ತು ಸಿಮ್‌ಗೆ ನಾವು ಸ್ವಂತ ಇಚ್ಛೆಯಿಂದ ಆಧಾರ್ ಕೊಡಬಹುದು. ಇಚ್ಛೆ ನಮ್ಮದು, ಅಂಗಡಿಯವರದ್ದಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಶಕ್ತಿ ಯೋಜನೆಯ ಬಸ್ಸಿನಲ್ಲಿ ಅಮ್ಮಿ ಕಾರ್ಡ್ ತೋರಿಸುತ್ತಾರೆ, ಕಂಡಕ್ಟರ್ ನೋಡಿ ಟಿಕೆಟ್ ಕೊಡುತ್ತಾರೆ, ಕಾರ್ಡ್ ಅಮ್ಮಿಯ ಕೈಯಲ್ಲೇ ಉಳಿಯುತ್ತದೆ. ಇದು ತೋರಿಸುವುದು. ಝೆರಾಕ್ಸ್ ಕೊಟ್ಟರೆ ಹಾಗಲ್ಲ. ಹೆಸರು, ಫೋಟೋ, ಹುಟ್ಟಿದ ದಿನ, ವಿಳಾಸ, 12 ಅಂಕಿಯ ಸಂಖ್ಯೆ ಎಲ್ಲವೂ ಇನ್ನೊಬ್ಬರ ಫೈಲಿನಲ್ಲಿ ಉಳಿಯುತ್ತವೆ. ಆ ಫೈಲು ನಾಳೆ ರದ್ದಿಗೆ ಹೋದರೆ ನಮಗೆ ಗೊತ್ತಾಗುವುದಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಝೆರಾಕ್ಸ್ ಯಾರಿಗೂ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥ ಬರಬಹುದು ಎಂದು ಎರಡೇ ದಿನಕ್ಕೆ ಸರ್ಕಾರ ಅದನ್ನು ಹಿಂದಕ್ಕೆ ಪಡೆದು, ಎಚ್ಚರದಿಂದ ಬಳಸಿದರೆ ಸಾಕು ಎಂದಿತು.

ಸಂಖ್ಯೆಗಿಂತ ದೊಡ್ಡದು ಹೆಬ್ಬೆಟ್ಟು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಒಟಿಪಿ ಇಲ್ಲದೆಯೇ ಹಣ ತೆಗೆಯುವ ವ್ಯವಸ್ಥೆ ನಮ್ಮ ಹಳ್ಳಿಗಳಲ್ಲಿದೆ. ಬ್ಯಾಂಕು ದೂರವಿರುವವರಿಗೆ ಇದರಿಂದ ಅನುಕೂಲವೂ ಆಗಿದೆ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು ವರದಿಯಾದವು. ಪಾಸ್‌ವರ್ಡ್ ಕಳೆದರೆ ಹೊಸದು ಇಟ್ಟುಕೊಳ್ಳಬಹುದು, ಬೆರಳನ್ನು ಬದಲಿಸಲಾಗದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಕೂಡಿಟ್ಟ ತಾಯಂದಿರ ಹಣವೂ ಇಂಥ ಖಾತೆಗಳಲ್ಲೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಕೇಳಿ: "ಯಾಕೆ ಬೇಕು? ತೋರಿಸಿದರೆ ಸಾಕಾಗುವುದಿಲ್ಲವೇ? ಬೇರೆ ಗುರುತಿನ ಚೀಟಿ ನಡೆಯುತ್ತದೆಯೇ?" ಮರ್ಯಾದೆಯಿಂದ ಕೇಳಿದರೆ ಜಗಳವಾಗುವುದಿಲ್ಲ.

ಪ್ರತಿ ಕೊಡಲೇಬೇಕಾದರೆ ಮಾಸ್ಕ್ಡ್ ಆಧಾರ್ ಕೊಡಿ. ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಇದು ಸಿಗುತ್ತದೆ. ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಝೆರಾಕ್ಸ್ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ.

ಎಂಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವ ದಿನ ಮಾತ್ರ ಅದನ್ನು ತೆರೆಯಬೇಕು, ಇಲ್ಲದಿದ್ದರೆ ಯಂತ್ರ ಒಪ್ಪುವುದಿಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಸಂಚಾರ್ ಸಾಥಿಯಲ್ಲಿ ನೋಡಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆಧಾರ್ ಬಗ್ಗೆ ವಿಚಾರಿಸಲು 1947.

ಮನೆಯಲ್ಲಿ ಫೋನ್ ಬಳಸಲು ಚೆನ್ನಾಗಿ ಬರುವವರು ಹೆಚ್ಚಾಗಿ ನಾವೇ. ಈ ಭಾನುವಾರ ಹತ್ತು ನಿಮಿಷ ಕುಳಿತು ಅಬ್ಬಾ, ಅಮ್ಮಿ, ದಾದಿಯವರ ಬೆರಳಚ್ಚಿಗೆ ಬೀಗ ಹಾಕಿಕೊಡೋಣ. ಅದನ್ನು ತೆರೆಯುವುದು ಹೇಗೆಂದೂ ಹೇಳಿಕೊಡೋಣ.