7.2 ಅಂಗುಲದ ಲೆಕ್ಕ

ಸಾವಿರ ಗಜ ಸಾಗುವಷ್ಟರಲ್ಲಿ ಗುಂಡು ನೆಲದತ್ತ ಬಹಳವೇ ಇಳಿಯುವುದರಿಂದ ರೈಫಲ್‌ನ ನಳಿಗೆಯನ್ನು ಗುರಿಗಿಂತ ಮೇಲಕ್ಕೆತ್ತಬೇಕಾಗುತ್ತದೆ, ಸ್ಕೋಪ್ ಮಾತ್ರ ಗುರಿಯನ್ನೇ ನೋಡುತ್ತಿರಬೇಕಾಗುತ್ತದೆ. ನೂರು ಗಜಕ್ಕೆ ಹೊಂದಿಸಿದ .308 ಕ್ಯಾಲಿಬರ್ ರೈಫಲ್ಲಿಗೆ ಸಾವಿರ ಗಜದಲ್ಲಿ ಸುಮಾರು 38 ನಿಮಿಷಗಳ ಏರಿಕೆ ಬೇಕು. ನಿಮಿಷವೆಂದರೆ ಡಿಗ್ರಿಯ 60ನೇ ಒಂದು ಭಾಗವಾಗಿದ್ದು, ನೂರು ಗಜದಲ್ಲಿ ಅದು 1.047 ಅಂಗುಲಕ್ಕೆ ಸಮ.

ಇಂದಿನ ಸ್ಕೋಪುಗಳು ಈ ಕೋನವನ್ನು ಕೊಳವೆಯೊಳಗೇ ಹೊಂದಿಸಿಕೊಳ್ಳುತ್ತವೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1930ರ ದಶಕದಲ್ಲಿ ಕಾರ್ಖಾನೆ ತೆರೆದ ಜಾನ್ ಯುನರ್ಟಲ್‌ರ ಸ್ಕೋಪುಗಳಲ್ಲಾದರೋ ಹೊಂದಾಣಿಕೆಯೆಲ್ಲ ಹೊರಗಿನ ಮೌಂಟ್‌ನಲ್ಲಿ, ಅಂದರೆ ಸ್ಕೋಪನ್ನು ರೈಫಲ್ ಮೇಲೆ ಕೂರಿಸುವ ಜೋಡಣೆಯಲ್ಲಿ, ಕಣ್ಣಿಗೆ ಕಾಣುವಂತೆಯೇ ನಡೆಯುತ್ತಿತ್ತು. ಇಡೀ ಕೊಳವೆ ಮುಂದಿನ ಮೌಂಟ್‌ನ ಆಧಾರದ ಮೇಲೆ ತಿರುಗುತ್ತದೆ. ಹಿಂದಿನ ಮೌಂಟ್‌ನಲ್ಲಿ ಮೇಲಿನಿಂದ ಒಂದು, ಪಕ್ಕದಿಂದ ಒಂದು ಮೈಕ್ರೋಮೀಟರ್ ತಿರುಪು ಕೊಳವೆಯನ್ನು ಒತ್ತುತ್ತವೆ, ಎದುರಿನಿಂದ ಸ್ಪ್ರಿಂಗ್ ಅದನ್ನು ತಳ್ಳಿ ಹಿಡಿಯುತ್ತದೆ. ಮೇಲಿನ ತಿರುಪನ್ನು ಸಡಿಲಿಸಿದಷ್ಟೂ ಕೊಳವೆಯ ಹಿಂತುದಿ ಏರಿ ಗುಂಡು ಮೇಲಕ್ಕೆ ಬೀಳುತ್ತದೆ.

ಎರಡು ಮೌಂಟ್‌ಗಳ ನಡುವಿನ ಅಂತರ 7.2 ಅಂಗುಲವೇ ಇರಬೇಕೆಂಬ ನಿಯಮ ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ ಅದರ ಹಿಂದಿನ ಗಣಿತ ಅಷ್ಟೇ ಸೊಗಸಾಗಿದೆ. ನೂರು ಗಜವೆಂದರೆ 3,600 ಅಂಗುಲ, ಅದನ್ನು 7.2ರಿಂದ ಭಾಗಿಸಿದರೆ ಸರಿಯಾಗಿ 500, ಅಂದರೆ ಹಿಂದಿನ ಮೌಂಟ್‌ನಲ್ಲಿ ಕೊಳವೆ ಸರಿದದ್ದರ 500 ಪಟ್ಟು ನೂರು ಗಜದಲ್ಲಿ ಗುಂಡು ಸರಿಯುತ್ತದೆ. ತಿರುಪಿನ ಒಂದು ಕ್ಲಿಕ್ ಕೊಳವೆಯನ್ನು 0.0005 ಅಂಗುಲ ಸರಿಸುವುದರಿಂದ ನೂರು ಗಜದಲ್ಲಿ ಗುಂಡು ಕಾಲು ಅಂಗುಲ ಸರಿಯುತ್ತದೆ. ತಿರುಪಿನ ಒಂದು ಸುತ್ತಿಗೆ 50 ಕ್ಲಿಕ್‌ಗಳಂತೆ, ಸಾವಿರ ಗಜಕ್ಕೆ ಬೇಕಾದ ಏರಿಕೆ ಮೂರು ಸುತ್ತಿಗಿಂತ ತುಸು ಹೆಚ್ಚು. ಅಂತರ ಬದಲಾದರೆ ಕ್ಲಿಕ್ಕಿನ ಬೆಲೆಯೂ ಬದಲಾಗುತ್ತದೆ: ಆರು ಅಂಗುಲದಲ್ಲಿ ಅದು 0.3 ಅಂಗುಲ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆದರೂ ಸ್ಕೋಪ್ ಜಡತ್ವದಿಂದ ಇದ್ದಲ್ಲೇ ಉಳಿದು, ಮೌಂಟ್‌ನೊಳಗೆ ಮುಂದಕ್ಕೆ ಜಾರಿದಂತಾಗುತ್ತದೆ. ವಾಪಸು ತರುವ ಸ್ಪ್ರಿಂಗ್ ಇಲ್ಲದಿದ್ದರೆ ಗುರಿಕಾರ ಪ್ರತಿ ಗುಂಡಿಗೂ ಅದನ್ನು ಕೈಯಿಂದ ಹಿಂದಕ್ಕೆಳೆಯಬೇಕು. ಇದನ್ನು ದೋಷವೆನ್ನುವವರಿದ್ದಾರೆ, ಆದರೆ ಒದೆತದ ಪೆಟ್ಟು ಮಸೂರಗಳಿಗೆ ತಗಲದಂತೆ ಕಾಯುವ ಈ ಏರ್ಪಾಡನ್ನು ಜಾಣತನವೆನ್ನುವುದೇ ನ್ಯಾಯ. ಗುರಿಕಾರ ಕಾರ್ಲೋಸ್ ಹ್ಯಾತ್‌ಕಾಕ್ 1965ರಲ್ಲಿ ಸಾವಿರ ಗಜದ ರೈಫಲ್ ಸ್ಪರ್ಧೆಯಾದ ವಿಂಬಲ್ಡನ್ ಕಪ್ ಗೆದ್ದದ್ದು ಅಮೆರಿಕದಲ್ಲಿ ಇಂಥ ಸ್ಕೋಪುಗಳಿನ್ನೂ ಬಳಕೆಯಲ್ಲಿದ್ದ ಕಾಲದಲ್ಲೇ.

ಜಾರುವ ಕೊಳವೆ ತನ್ನ ಅಕ್ಷದ ಸುತ್ತ ಹೊರಳದಂತೆ ಅದರ ಮೇಲೊಂದು ಉದ್ದನೆಯ ಏಣು ಇರುತ್ತದೆ. ಗುರಿಗೆರೆಗಳ ಅಡ್ಡತಂತು ಒಂದೇ ಡಿಗ್ರಿ ವಾಲಿದರೂ 38 ನಿಮಿಷಗಳ ಏರಿಕೆಯಲ್ಲಿ ಗುಂಡು ಸಾವಿರ ಗಜದಾಚೆ ಸುಮಾರು ಏಳು ಅಂಗುಲ ಪಕ್ಕಕ್ಕೆ ಸರಿಯುತ್ತದೆ, ಗುರಿಫಲಕದ ನಡುವಿನ ಎಕ್ಸ್ ವೃತ್ತದ ವ್ಯಾಸವಾದರೋ ಹತ್ತೇ ಅಂಗುಲ.

ಒಳಹೊಂದಾಣಿಕೆಯ ಸ್ಕೋಪುಗಳೂ ಮೌಂಟ್‌ನ ಹಂಗು ಹರಿದುಕೊಂಡಿಲ್ಲ. ಒಟ್ಟು 60 ನಿಮಿಷ ಚಲಿಸಬಲ್ಲ ಸ್ಕೋಪಿಗೆ ನಡುವಿನಿಂದ ಮೇಲಕ್ಕೆ ದಕ್ಕುವುದು 30 ಮಾತ್ರವಾದ್ದರಿಂದ 20 ನಿಮಿಷ ಇಳಿಜಾರಿನ ಪಟ್ಟಿಯನ್ನು ಕೆಳಗೆ ಕೂರಿಸುತ್ತಾರೆ. ಐದು ಅಂಗುಲದ ಪಟ್ಟಿಯಲ್ಲಿ ಈ ಇಳಿಜಾರು ಮುಕ್ಕಾಲು ಮಿಲಿಮೀಟರಿನಷ್ಟೇ. ಒಟ್ಟು ಚಲನೆ 40 ನಿಮಿಷಕ್ಕಿಂತ ಕಡಿಮೆಯಿರುವ ಸ್ಕೋಪನ್ನು ಅದೇ ಪಟ್ಟಿಯ ಮೇಲೆ ಕೂರಿಸಿದರೆ, ಸಾವಿರ ಗಜ ಕೈಗೆಟುಕಬಹುದಾದರೂ ನೂರು ಗಜದ ಗುರಿಗೆ ಹೊಂದಿಸುವುದು ಸಾಧ್ಯವಾಗದೆ ಹೋಗಬಹುದು.